ಆಗದೇ ಹೋದ ಯುದ್ಧ, ತಪ್ಪಿಹೋದ ರೈಲು

ಡೊಂಬಿವಲಿಗೆ ಬಂದ ಒಂಬತ್ತನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗುರುತಿಲ್ಲದ ಹೆಂಗಸೊಬ್ಬರು ನನ್ನ ಅಡುಗೆಮನೆಗೆ ನುಗ್ಗಿ, ಸ್ಟೂಲು ಹತ್ತಿ, ಕಿಟಕಿಗೆ ಕಪ್ಪು ಕಾಗದ ಅಂಟಿಸತೊಡಗಿದರು. ಕೇಳಲಿಲ್ಲ, ಹೇಳಲಿಲ್ಲ. ನಾನು ಸೌಟು ಹಿಡಿದು ನೋಡುತ್ತ ನಿಂತೆ. ಕೆಳಗಿಳಿದು ಕೈ ಒರೆಸಿಕೊಂಡು, "ರಾತ್ರೀ ದಿವಾ ನಕೋ" ಎಂದರು. ರಾತ್ರಿ ದೀಪ ಬೇಡ ಎಂದರ್ಥ. ನಾನು ಕಲಿತ ಮೊದಲ ಮರಾಠಿ ವಾಕ್ಯ ಅದು.

ಅವರು ಎದುರು ಮನೆಯ ಶೈಲಾ ಕಾಕು. ಕಾಕು ಎಂದರೆ ಚಿಕ್ಕಮ್ಮ; ಇಲ್ಲಿ ಸೊಸೈಟಿಯ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಸೊಸೈಟಿ ಎಂದರೆ ನಮ್ಮೂರಿನ ಹಾಲಿನ ಸೊಸೈಟಿಯಲ್ಲ, ಕಟ್ಟಡದಲ್ಲಿ ವಾಸವಿರುವವರ ಸಂಘ. ನೆರೆಯ ದೇಶದೊಂದಿಗೆ ಇವತ್ತೋ ನಾಳೆಯೋ ಯುದ್ಧ ಎಂದು ಟೀವಿಯವರು ಕಿರುಚುತ್ತಿದ್ದ ವಾರ ಅದು. ರಾತ್ರಿ ಬೆಳಕು ವಿಮಾನಗಳಿಗೆ ಕಾಣದಂತೆ ಕಟ್ಟಡದ ಕಿಟಕಿಗಳನ್ನೆಲ್ಲ ಮುಚ್ಚಿಸುವ ಕೆಲಸವನ್ನು ಕಾಕು ತಾವಾಗಿಯೇ ಹೊತ್ತುಕೊಂಡಿದ್ದರು. ಅವರ ಒಬ್ಬನೇ ಮಗ ಮಂದಾರ ಸೈನ್ಯದಲ್ಲಿದ್ದ, ಗಡಿಯಲ್ಲಿದ್ದ.

ನಮ್ಮವರು ಮಹಾಪೆಯ ಒಂದು ಕಂಪೆನಿಯ ಕ್ಯಾಂಟೀನು ನೋಡಿಕೊಳ್ಳುತ್ತಾರೆ. ಮದುವೆಯಾಗಿ ಏಳು ವರ್ಷ ಅವರು ಇಲ್ಲಿ, ನಾನು ಕುಂದಾಪುರದ ಹತ್ತಿರ ತವರಿನಲ್ಲಿ. ಕೊನೆಗೂ ಒಂದು ರೂಮು, ಒಂದು ಕಿಚನ್ನಿನ ಮನೆ ಸಿಕ್ಕಿದಾಗ ಮಗಳು ಅನ್ವಿಯನ್ನು ಕಟ್ಟಿಕೊಂಡು ಬಂದೆ. ಊರಲ್ಲಿ ಅಡುಗೆಮನೆಯ ಕಿಟಕಿಯಾಚೆ ಬಾವಿಕಟ್ಟೆ. ಇಲ್ಲಿ ಪಕ್ಕದ ಕಟ್ಟಡದವರ ಕುಕ್ಕರು. ಊರಲ್ಲಿ ಮೀನಿನವಳು ಹೆಸರು ಹಿಡಿದು ಕೂಗುತ್ತಿದ್ದಳು. ಇಲ್ಲಿ ಬಂಗುಡೆ ಎಂದರೆ ಯಾರಿಗೂ ತಿಳಿಯದು, ಬಾಂಗಡಾ ಎನ್ನಬೇಕು. ನಮ್ಮವರು ಬೆಳಿಗ್ಗೆ ಐದಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ನಡುವಿನ ಹೊತ್ತಿನಲ್ಲಿ ನನ್ನ ಮಾತೆಲ್ಲ ಮಗಳ ಜೊತೆ, ಇಲ್ಲವೇ ಫೋನಿನಲ್ಲಿ.

ಕಪ್ಪು ಕಾಗದದ ವಿಷಯ ಕೇಳಿದ್ದೇ ತಮ್ಮ ಸುಧಾಕರ ಫೋನು ಮಾಡಿದ. "ಅಕ್ಕಾ, ಅಲ್ಲ್ ಇಪ್ದ್ ಬ್ಯಾಡ. ಶನಿವಾರಕ್ಕೆ ಟಿಕೆಟ್ ಮಾಡಿದ್ದೆ. ಮಗಿನ್ ಕರ್ಕಂಡ್ ಬಾ."

ನನಗೆ ನಿಜಕ್ಕೂ ಸಮಾಧಾನವಾಯಿತು. ಹೋಗುವುದಕ್ಕೆ ಒಂದು ಮರ್ಯಾದೆಯ ಕಾರಣ ಸಿಕ್ಕಿತ್ತು. ನಮ್ಮವರಿಗೆ ಹೇಳಿದೆ. ಅವರು ಊಟ ಮುಗಿಸಿ ಕೈ ತೊಳೆದು ಬಂದು, "ಹೋಪುದಾರೆ ಹೋಗ್. ಆದ್ರೆ ಈಗ ಹೋದ್ರೆ ನೀ ತಿರ್ಗಿ ಬಪ್ದಿಲ್ಲೆ, ನಂಗೊತ್ತಿತ್" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಶನಿವಾರ ಮಧ್ಯಾಹ್ನ ಪನ್ವೇಲಿನಿಂದ ರೈಲು. ನಮ್ಮವರು ಕೆಲಸಕ್ಕೆ ಹೋಗಿದ್ದರು. ಬೀಗ ಹಾಕಿ, ಬ್ಯಾಗು ಹೆಗಲಿಗೇರಿಸಿ, ಅನ್ವಿಯ ಕೈ ಹಿಡಿದು ತಿರುಗಿದರೆ ಎದುರು ಮನೆಯಿಂದ ಸೀದ ವಾಸನೆ. ಬಾಗಿಲು ತೆರೆದೇ ಇತ್ತು. ಕಾಕು ಟೀವಿಯ ಸದ್ದು ಅಡಗಿಸಿ ನೆಲದ ಮೇಲೆ ಕುಳಿತಿದ್ದರು. ಒಳಗೆ ಒಲೆಯ ಮೇಲೆ ಬೇಳೆ ಹೊತ್ತಿ ಇದ್ದಲಾಗಿತ್ತು. ನಾನು ಓಡಿಹೋಗಿ ಗ್ಯಾಸು ಬಂದ್ ಮಾಡಿದೆ.

"ಚಾರ್ ದಿವಸ್ ಝಾಲೇ, ತ್ಯಾಚಾ ಫೋನ್ ನಾಹೀ" ಎಂದರು. ನಾಲ್ಕು ದಿನದಿಂದ ಮಗನ ಫೋನಿಲ್ಲ. ಭಾಷೆ ಬರದಿದ್ದರೂ ಅಷ್ಟು ಅರ್ಥವಾಯಿತು. ನನ್ನ ಬ್ಯಾಗು ನೋಡಿ, "ತೂ ಜಾ, ಗಾಡೀ ಸುಟೇಲ್" ಎಂದು ಬಾಗಿಲ ಕಡೆ ಕೈ ಮಾಡಿದರು. ನೀನು ಹೋಗು, ಗಾಡಿ ಹೊರಟುಬಿಡುತ್ತದೆ. ಹೊತ್ತಿದ ಬೇಳೆ ಬಿಟ್ಟರೆ ಅಡುಗೆಮನೆಯಲ್ಲಿ ಬೇರೇನೂ ಬೇಯಿಸಿದ ಕುರುಹಿರಲಿಲ್ಲ. ಹಿಂದಿನ ದಿನವೂ ಅವರು ಉಂಡಂತಿರಲಿಲ್ಲ.

ಬ್ಯಾಗು ಇಳಿಸಿದೆ. ನಮ್ಮ ಮನೆಯ ಬೀಗ ತೆಗೆದು, ಊರಿಂದ ತಂದ ಕುಚ್ಚಲಕ್ಕಿಯನ್ನು ಎರಡು ಪಾವು ಅಳೆದು ತಂದು ಅವರ ಒಲೆಯ ಮೇಲೆ ಗಂಜಿಗಿಟ್ಟೆ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು. ಅಲ್ಲಿಗೆ ರೈಲು ತಪ್ಪುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಒಲೆ ಹಚ್ಚಿದೆ.

ಬಟ್ಟಲಲ್ಲಿದ್ದ ಕೆಂಪು ದಪ್ಪ ಅಗುಳು ನೋಡಿ ಕಾಕು, "ಹಾ ಕಸಲಾ ಭಾತ್?" ಎಂದರು. ಇದೆಂಥ ಅನ್ನ ಎಂದು. ಆಮೇಲೆ ಉಪ್ಪಿನಕಾಯಿ ನಂಜಿಕೊಂಡು ಎರಡು ಬಟ್ಟಲು ಉಂಡರು.

ಸಂಜೆ ನಮ್ಮವರು ಬಂದು ಬ್ಯಾಗು ನೋಡಿದರು, ನನ್ನನ್ನು ನೋಡಿದರು. ಬ್ಯಾಗಿನಿಂದ ಅನ್ವಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ತಾವೇ ಕಪಾಟಿನಲ್ಲಿಟ್ಟರು. ತಮ್ಮ ಮಾತ್ರ ಫೋನಿನಲ್ಲಿ ಕೂಗಾಡಿದ. "ಮಗಿನ್ ಜೀವದ್ ಮೇಲ್ ಆಟ ಆಡ್ತಿದ್ಯಾ?" ಎಂದು ಫೋನಿಟ್ಟವನು ಒಂದು ತಿಂಗಳು ಮಾತಾಡಲಿಲ್ಲ.

ಯುದ್ಧ ಆಗಲಿಲ್ಲ. ಸೋಮವಾರ ಎರಡೂ ದೇಶದವರು ಮಾತುಕತೆಗೆ ಕುಳಿತರು. ಮರುದಿನ ಮಂದಾರನ ಫೋನು ಬಂತು. ಕಾಕು ಅತ್ತು, ಬೈದು, ಕೊನೆಗೆ ಫೋನನ್ನು ನನ್ನ ಕಿವಿಗೆ ಹಿಡಿದು, "ಹೀ ಆಮ್ಚೀ ಕಾನಡೀ ಮುಲ್ಗೀ" ಎಂದರು. ಇವಳು ನಮ್ಮ ಕನ್ನಡದ ಹುಡುಗಿ. ಆ ಕಡೆಯವನನ್ನು ನಾನು ಕನ್ನಡದಲ್ಲೇ "ಉಂಡ್ರಾ?" ಎಂದು ಕೇಳಿದೆ.

ಯುದ್ಧ ಆಗಿದ್ದರೆ? ಈಗಲೂ ಒಮ್ಮೊಮ್ಮೆ ಲೋಕಲ್ ರೈಲಿನಲ್ಲಿ ನಿಂತು ಯೋಚಿಸುತ್ತೇನೆ. ಮಹಾಪೆಯ ಕಂಪೆನಿಗಳು ಮುಚ್ಚಿ ನಮ್ಮವರೂ ಊರಿಗೆ ಮರಳುತ್ತಿದ್ದರು. ಅನ್ವಿ ನಮ್ಮೂರ ಶಾಲೆಗೆ ಹೋಗುತ್ತಿದ್ದಳು, ಕುಂದಾಪುರದ ಕನ್ನಡವನ್ನೇ ಆಡುತ್ತಿದ್ದಳು. ಈಗಿನ ಹಾಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರಿಸುತ್ತಿರಲಿಲ್ಲ. ಮಗಿನ ಜೀವದ ಬಗ್ಗೆ ತಮ್ಮ ಹೇಳಿದ್ದು ನಿಜವಾಗಿದ್ದರೆ ನನ್ನನ್ನು ನಾನೇ ಕ್ಷಮಿಸುತ್ತಿರಲಿಲ್ಲ. ಇನ್ನು ಎದುರು ಮನೆ. ಅಲ್ಲಿಗೆ ಬಂದಾಗ ಯೋಚನೆ ನಿಲ್ಲಿಸಿ ಕಿಟಕಿಯಾಚೆ ನೋಡುತ್ತೇನೆ.

ಈ ವರ್ಷ ಕಲ್ಯಾಣದಲ್ಲಿ ಮಂದಾರನ ಮದುವೆ. ಅದೇ ದಿನ ಊರಲ್ಲಿ ತಮ್ಮನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಅಲ್ಲಿ ಆರತಿ ಎತ್ತಬೇಕಾದವಳು ಅಕ್ಕ, ಅಂದರೆ ನಾನು. ಇಲ್ಲಿ ವರನಿಗೆ ಒಡಹುಟ್ಟಿದವರಿಲ್ಲ. ಕಲಶ ಹಿಡಿದು ಅವನ ಹಿಂದೆ ನಿಲ್ಲಲು ಕಾಕು ನನ್ನನ್ನು ಕರೆದಿದ್ದರು. ಎರಡು ವಾರ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ನಮ್ಮವರೂ ಮಗಳೂ ಊರಿಗೆ ಹೋದರು, ನಾನು ಇಲ್ಲಿ ನಿಂತೆ.

ಮದುವೆಯ ದಿನ ಸಂಜೆ ತಮ್ಮನಿಗೆ ಹೆದರುತ್ತಲೇ ಫೋನು ಮಾಡಿದೆ. ಚಿಕ್ಕಮ್ಮನ ಮಗಳು ಆರತಿ ಎತ್ತಿದಳೆಂದು ಹೇಳಿದ. ಆಮೇಲೆ ಕೇಳಿದ, "ಅಲ್ಲ್ ನಿನ್ನ್ ಎಂತ ಅಂದೇಳಿ ನಿಲ್ಸಿದ್ರ್?"

"ಕರವಲಿ" ಎಂದೆ. ಮರಾಠಿಯಲ್ಲಿ ಹಾಗೆಂದರೆ ಮದುವೆಯಲ್ಲಿ ವರನ ಜೊತೆ ನಿಲ್ಲುವ ಸೋದರಿ.

"ಕರಾವಳಿ ಅಂದೇಳಿ ಕರೀತ್ರಾ?" ತಮ್ಮನ ದನಿ ಮೆತ್ತಗಾಯಿತು. "ಅಡ್ಡಿಲ್ಲೆ. ಹಂಗಾರ್ ನೀ ಯಾವೂರಿನವ್ಳಂತ ಅವ್ರಿಗೆ ನೆನಪಿತ್ತ್."

ನಾನು ತಿದ್ದಲಿಲ್ಲ.