ಒಂದೇ ಪಿಂಜರ, ನಡುವೆ ತಗಡು

ಅಳುತ್ತಿದ್ದದ್ದು ಕರಿ ಮರಿ ಎಂದು ನಮ್ಮಣ್ಣ ಈಗಲೂ ಹೇಳುತ್ತಾನೆ. ಕಂದು ಮರಿ ಎಂದು ನಾನು. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು, ಅದು ನನ್ನದೇ ಇರಬಹುದು. ವಿಶ್ವವಿದ್ಯಾಲಯದಲ್ಲಿ ನಾನು ಏನಾದರೂ ಕಲಿತಿದ್ದರೆ ಅದು ನನ್ನನ್ನೇ ಅನುಮಾನಿಸುವುದು. ಅಣ್ಣನಿಗೆ ಆ ಕಾಯಿಲೆ ಇಲ್ಲ. ಅದಕ್ಕೇ ಮನೆಯ ತೀರ್ಮಾನಗಳೆಲ್ಲ ಅವನವು.

ಬೋನಾಳದ ಕೆರೆ ದಂಡೆಯಲ್ಲಿ ತಾಯಿ ಸತ್ತ ಎರಡು ನಾಯಿಮರಿಗಳು ಸಿಕ್ಕಿದ್ದವು. ಶಹಾಪುರದ ನಮ್ಮ ಮನೆಗೆ ತಂದವನು ನಾನೇ. ಬಂದ ಕೂಡಲೇ ಒಂದು ಅವ್ವನ ಸೀರೆ ಹರಿದುಹಾಕಿತು, ಇನ್ನೊಂದು ಅಣ್ಣನ ಚಪ್ಪಲಿ ಕಡಿಯಿತು.

"ಪಿಂಜರದಾಗ ಸುಮ್ಮನ ಇರೋದು ಕಲಿತ್ರ ಇರ್ಲಿ. ಇಲ್ಲಾಂದ್ರ ಒಂದನ್ನ ಕೊಂಕಲ್ ಹೊಲಕ್ಕ ಕಳಸ್ತೀನಿ" ಎಂದ ಅಣ್ಣ. ಹೊಲದ ದೊಡ್ಡ ನಾಯಿಗಳ ನಡುವೆ ಇಷ್ಟು ಸಣ್ಣ ಮರಿ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ನಾನು ಓದಿ ತಿಳಿದುಕೊಂಡೆ. ಎರಡು ಮರಿ ಇದ್ದರೆ ಎರಡು ಪಿಂಜರ ಬೇಕು, ದೂರ ದೂರ ಇಡಬೇಕು, ಒಂಟಿಯಾಗಿರುವುದನ್ನು ಒಂದೊಂದೂ ಕಲಿಯಬೇಕು. ಅಳುವಾಗ ಬಾಗಿಲು ತೆಗೆಯಬಾರದು, ಸುಮ್ಮನಾದ ಮೇಲೆ ತೆಗೆಯಬೇಕು. ಇಷ್ಟೇ. ಅಣ್ಣ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದೇ ದೊಡ್ಡ ಪಿಂಜರ ಮಾಡಿಸಿಕೊಂಡು ಬಂದ.

"ಎರಡೂ ಒಂದ ಹೊಟ್ಟ್ಯಾಗ ಇದ್ವು. ಒಂದ ಪಿಂಜರದಾಗ ಇರಂಗಿಲ್ಲೇನು?"

ಒಳಗೆ ಅವು ದಿನವಿಡೀ ಕಚ್ಚಾಡಿದವು. ಆಮೇಲೆ ನಡುವೆ ತಗಡು ಹಾಕಿಸಿ ಎರಡು ಬಾಗಿಲು ಇಡಿಸಿದ. ಬಿಸಿಲು ಬೀಳುತ್ತದೆಂದು ಅವ್ವ ಮೇಲೆ ಹಳೆಯ ಚಾದರ ಹೊದಿಸಿದಳು. ಓಣಿಯವರಿಗೆ ತಮಾಷೆ ಸಿಕ್ಕಿತು. ಎದುರು ಮನೆಯಾಕೆ ಬಾಗಿಲಲ್ಲೇ ನಿಂತು, "ನಾಯಿಗಿ ಜೇಲ್ ಕಟ್ಟಿಸೀರಂತಲ್ರಿ! ಏನ್ ಗುನ್ನೆ ಮಾಡ್ಯಾವ್ರಿ ಪಾಪ?" ಎಂದಳು.

ಊಟದ ಹೊತ್ತು ಬಿಟ್ಟರೆ ಮರಿಗಳು ಸುಮ್ಮನಿರುತ್ತಿದ್ದವು. ನಾವು ಊಟಕ್ಕೆ ಕುಳಿತ ಕೂಡಲೇ ಚಾದರದೊಳಗಿಂದ ಒಂದು ಅಳು ಶುರುವಾಗುತ್ತಿತ್ತು. ಬಾಯಿಲ್ಲದ ಜೀವ ಅಳುತ್ತಿರುವಾಗ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಅಜ್ಜಿಯ ಕಾಲದಿಂದ ಬಂದದ್ದು. ಅವ್ವ ರೊಟ್ಟಿ ಮುರಿದುಕೊಂಡು ಎದ್ದು ಎರಡೂ ಬಾಗಿಲು ತೆಗೆಯುತ್ತಿದ್ದಳು. ಊಟದ ಹೊತ್ತಿಗೆ ಅತ್ತರೆ ಬಾಗಿಲೂ ತೆರೆಯುತ್ತದೆ, ರೊಟ್ಟಿಯೂ ಸಿಗುತ್ತದೆ: ಮರಿಗಳು ಇದನ್ನು ಚೆನ್ನಾಗಿ ಕಲಿತವು. ಕಲಿಸಿದವರು ನಾವು.

"ಅವ್ವಾ, ಸುಮ್ಮನಾದ ಮ್ಯಾಲ ತೆಗಿ" ಎಂದು ನಾನು ಕೈ ಮುಗಿದು ಹೇಳುತ್ತಿದ್ದೆ.

"ಅದು ಅಳಾಕತ್ತಿದ್ರ ನನ್ನ ಗಂಟಲದಾಗ ತುತ್ತು ಹ್ಯಾಂಗ ಇಳೀತದೋ ಯಪ್ಪಾ?"

ಒಂದು ಭಾನುವಾರ ಅಣ್ಣನ ಕೈಯೂ ತಟ್ಟೆಯ ಮೇಲೆ ನಿಂತುಬಿಟ್ಟಿತು. ಅವನಿಂದಲೂ ಉಣ್ಣಲಾಗಲಿಲ್ಲ, ಆ ಸಿಟ್ಟೆಲ್ಲ ಮರಿಯ ಮೇಲೆ ಹೋಯಿತು.

"ಕರೀದ ಅದು. ಬಲೇ ಹಟಮಾರಿ. ನಾಳೆನೇ ಕಳಸ್ತೀನಿ."

ನಾನು ಎದ್ದು ಚಾದರ ಎತ್ತಿದೆ. ಕರಿ ಮರಿ ತಗಡಿಗೆ ಮೂಗು ಹಚ್ಚಿ ಮಲಗಿತ್ತು. ಅಥವಾ ಆ ನಿದ್ದೆಯನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿರಬಹುದು. ಆದರೆ ಕೂಗಿದ್ದು ನಿಜ: "ಅಣ್ಣಾ, ಬಂದು ನೋಡು."

"ಓದಿದಾವ ನೀ, ನೀನ ನೋಡು. ನಾ ಕೇಳೀನಿ, ಸಾಕು."

ಸೋಮವಾರ ನಾನು ಯಾದಗಿರಿಗೆ ಕೆಲಸಕ್ಕೆ ಹೋಗಿ ಬಸ್ಸಿನಲ್ಲಿ ಮರಳಿ ಬರುವಷ್ಟರಲ್ಲಿ ಪಿಂಜರದ ಅರ್ಧ ಖಾಲಿಯಾಗಿತ್ತು. ಊಟಕ್ಕೆ ಕುಳಿತೆವು. ಚಾದರದೊಳಗಿಂದ ಅಳು ಬಂತು. ಅದೇ ಅಳು.

ಅಣ್ಣ, "ಜೋಡಿ ಹೋಗ್ಯಾದಲ್ಲ, ಅದಕ್ಕ ಅಳ್ತದ" ಎಂದ. ಅವನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ!

ಅವ್ವ ರೊಟ್ಟಿ ಮುರಿದುಕೊಂಡು ಏಳಹೊರಟಳು. ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ ಪಿಂಜರದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ.

"ಸರೀಲೇ! ಅವ್ವ ಉಣವಲ್ಲಳು, ಕಾಣಸಂಗಿಲ್ಲೇನು?" ಎಂದ ಅಣ್ಣ.

"ಉಣಬ್ಯಾಡ್ರಿ ಹಂಗಾದ್ರ."

"ಕಲ್ಲಲೇ ನಿನ್ನ ಎದಿ."

ನಾನು ಉಂಡೆ. ರುಚಿ ಏನೂ ಗೊತ್ತಾಗಲಿಲ್ಲ. ಬೆನ್ನ ಹಿಂದೆ ಅದು ಅತ್ತಿತು, ಕಂಬಿ ಕೆರೆಯಿತು, ಮತ್ತೆ ಅತ್ತಿತು. ನನ್ನ ತಟ್ಟೆ ಖಾಲಿಯಾಗುವ ಮೊದಲೇ ದನಿ ಸಣ್ಣದಾಗುತ್ತ ಬಂದು ನಿಂತಿತು. ಚಾದರ ಎತ್ತಿದೆ. ಕಂದು ಮರಿ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿತ್ತು. ಬಾಗಿಲು ತೆಗೆದೆ. ಅವ್ವ ಆರಿದ ಪಲ್ಯ ಬಿಸಿ ಮಾಡದೆ ಹಾಗೇ ಉಂಡಳು.

ಅದಾದ ಮೇಲೆ ಆ ಮರಿ ಊಟದ ಹೊತ್ತಿನಲ್ಲಿ ಅತ್ತಿಲ್ಲ. ಒಂದೇ ಊಟ. ಕರಿ ಮರಿಗಾಗಿ ಅವರು ಆ ಒಂದು ಊಟ ತಡೆದುಕೊಳ್ಳಲಿಲ್ಲ. ಸ್ವಲ್ಪ ದಿನಕ್ಕೇ ಅದು ಹೊಲದಲ್ಲಿ ಕಾಣುತ್ತಿಲ್ಲ ಎಂದು ಕೊಂಕಲ್‌ನಿಂದ ಫೋನ್ ಬಂತು. "ನಾಯಿ ಜಾತಿ, ಎಲ್ಲರೆ ಇರ್ತದ ಬಿಡು" ಎಂದ ಅಣ್ಣ.

ಆ ಭಾನುವಾರ ಕರಿ ಮರಿ ಮಲಗಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆದರೆ ಸೋಮವಾರದ ಆ ಅಳು ನಿಂತದ್ದನ್ನು ಮೂವರೂ ಕೇಳಿದ್ದೇವೆ.

ಕರಿ ಮರಿಯ ಅರ್ಧದಲ್ಲಿ ಅಣ್ಣ ಉಳ್ಳಾಗಡ್ಡಿ ಚೀಲ ಇಟ್ಟ. ನಾನು ಎತ್ತಿ ಅಂಗಳಕ್ಕೆ ಎಸೆದೆ. ಮತ್ತೆ ಇಟ್ಟ. ಮತ್ತೆ ಎಸೆದೆ. ಈಗ ಅಲ್ಲಿ ಏನನ್ನೂ ಇಡುವುದಿಲ್ಲ.