ಮೊದಲು ಬಂದ್ ಮಾಡಲು ಕಲಿಸಿದ ಗ್ರಂಥಪಾಲರು

ಮುಂಬಯಿಯ ಕನ್ನಡ ಸಂಘಗಳ ಚರಿತ್ರೆ ಬರೆಯುವವರು ಅಧ್ಯಕ್ಷರ ಹೆಸರುಗಳನ್ನೂ ಸಭಾಂಗಣಗಳ ಉದ್ಘಾಟನೆಯ ದಿನಾಂಕಗಳನ್ನೂ ತಪ್ಪದೆ ದಾಖಲಿಸುತ್ತಾರೆ. ಆ ಸಭಾಂಗಣಗಳ ಬಾಗಿಲನ್ನು ದಿನವೂ ತೆರೆದವರ ಹೆಸರು ಮಾತ್ರ ಅವರ ನೆನಪಿಗೆ ಬರುವುದಿಲ್ಲ. ಗ್ರಾಂಟ್ ರೋಡಿನ ನಮ್ಮ ಸಂಘದ ವಾಚನಾಲಯವನ್ನು ಮೂವತ್ತಮೂರು ವರ್ಷಗಳ ಕಾಲ ತೆರೆದು, ಗುಡಿಸಿ, ನಡೆಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಗ್ರಂಥಪಾಲ ಶ್ರೀ ಪೂವಪ್ಪನವರು ಅಂಥವರಲ್ಲೊಬ್ಬರು. ಈ ನಗರದ ಕನ್ನಡ ವಾಚನಾಲಯಗಳಲ್ಲಿ ಅವರಿಗಿಂತ ಹೆಚ್ಚು ಓದಿಕೊಂಡ ಗ್ರಂಥಪಾಲರು ಇದ್ದಾರು. ಓದುಗರನ್ನು ಅವರಷ್ಟು ಬಲ್ಲವರು ಇರಲಾರರು.

ಉಡುಪಿಯ ಕಡೆಯಿಂದ ಬಂದ ಪೂವಪ್ಪನವರು ಮೊದಲಿಗೆ ಇದೇ ರಸ್ತೆಯ ಹೋಟೆಲೊಂದರಲ್ಲಿ ಆರು ವರ್ಷ ದುಡಿದು, ಬಿಡುವಿನಲ್ಲಿ ಓದಿ, ಗ್ರಂಥಾಲಯ ತರಬೇತಿ ಮುಗಿಸಿ ನಮ್ಮಲ್ಲಿಗೆ ಬಂದರು. ಕಟ್ಟಡದ ಕೆಲಸದವರು ಸಿಮೆಂಟು ಮೆತ್ತಿದ ಕೈಯಲ್ಲೇ ಬಂದಾಗ ಮೂಗು ಮುರಿಯದೆ, ಸಾಬೂನು ಕೊಟ್ಟು, ಕೈ ತೊಳೆದ ಮೇಲೆ ಅವರ ಊರಿನ ಪತ್ರಿಕೆಯನ್ನೇ ಹುಡುಕಿ ಕೊಟ್ಟವರು ಅವರು. ಹೋಟೆಲನ್ನು ಅವರು ಬಿಟ್ಟರೂ ಹೋಟೆಲಿನ ಒಂದು ಅಭ್ಯಾಸ ಅವರನ್ನು ಬಿಡಲಿಲ್ಲ. ಸಾಂತಾಕ್ರೂಜಿನಿಂದ ಲೋಕಲ್ ಹಿಡಿದು ಹತ್ತಕ್ಕೆ ಬಂದವರೇ ಒದ್ದೆ ಬಟ್ಟೆ ಹಿಂಡಿ ಒಂದೊಂದು ಮೇಜನ್ನೂ ಒರೆಸುವರು. ಸಂಘಕ್ಕೆ ಕಂಪ್ಯೂಟರ್ ಬಂದ ಮೇಲೆ ಕೀಬೋರ್ಡಿಗೂ ಅದೇ ಸೇವೆ ಸಲ್ಲತೊಡಗಿತು. ಬೇಡವೆಂದವರಿಗೆಲ್ಲ ‘ಧೂಳು ಉಂಟಲ್ಲ ಮಾರಾಯ್ರೆ’ ಎಂಬುದೊಂದೇ ಉತ್ತರ.

ಎಂಟು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಆ ಬಟ್ಟೆಯಡಿಯಲ್ಲಿ ಕೀಬೋರ್ಡಿನ ಬಲಬದಿಯ ಮೂರು ಗುಂಡಿಗಳು ಒಟ್ಟಿಗೆ ಒತ್ತಿಹೋದವು. ಕಂಪ್ಯೂಟರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡತೊಡಗಿತು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ದನಿಯೊಂದನ್ನು, ಕಣ್ಣು ಕಾಣದವರ ಅನುಕೂಲಕ್ಕೆಂದು, ಯಂತ್ರದೊಳಗೇ ಇಟ್ಟಿರುತ್ತಾರೆಂಬುದು ಅಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪೂವಪ್ಪನವರು ಗಾಬರಿಯಿಂದ ಒಂದು ಗುಂಡಿ ಒತ್ತಿದರೆ ಅದು ಆ ಗುಂಡಿಯ ಹೆಸರನ್ನೂ ಹೇಳಿತು. ಪತ್ರಿಕೆ ಹಿಡಿದು ಕೂತಿದ್ದ ನಾವು ತಲೆಗೊಂದು ಸಲಹೆ ಕೊಟ್ಟೆವು, ಯಾವುದೂ ಫಲಿಸಲಿಲ್ಲ.

‘ಪೂವಪ್ಪನವರ, ಇದೇನ್ ವಾಚನಾಲಯನೋ ದಾದರ್ ಸ್ಟೇಷನ್ನೋ? ಬಂದ್ ಮಾಡ್ರಿ ಅದನ್ನ!’ ಎಂದು ಕಾರ್ಯದರ್ಶಿ ಗುರುಬಸವ ಅವರು ಗದರಿದರು. ಪೂವಪ್ಪನವರು ಪ್ಲಗ್ ಕೀಳಲು ಬಗ್ಗಿದರು.

‘ಬಂದ್ ಮಾಡಬ್ಯಾಡ್ರಿ, ಸರ್. ಅದು ಓದಾಕತ್ತೈತ್ರಿ. ಇನ್ನೊಂದ್ ಸ್ವಲ್ಪ ಓದಲಿ.’

ಮಾತು ಬಂದದ್ದು ಬಾಗಿಲ ಬಳಿಯ ಬೆಂಚಿನಿಂದ. ಅಲ್ಲಿ ಕೂತಿದ್ದವರು ಶಿವಕುಮಾರಿ, ಆಗ ಹತ್ತೊಂಬತ್ತರ ತರುಣಿ. ಸಭಾಂಗಣಕ್ಕೆ ಬಣ್ಣ ಬಳಿಯಲು ಭಾಂಡುಪಿನಿಂದ ಬರುತ್ತಿದ್ದ ಶಾಂತಪ್ಪನವರು, ಮನೆಯಲ್ಲಿ ಜೊತೆಗೆ ಯಾರೂ ಇಲ್ಲವೆಂದು ಮಗಳನ್ನು ಕರೆತಂದು ಅಲ್ಲಿ ಕೂರಿಸುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ಕಾಯಿಲೆಯಿಂದ ದೃಷ್ಟಿ ಹೋಗಿ, ಶಾಲೆ ನಿಂತು ನಾಲ್ಕು ವರ್ಷವಾಗಿತ್ತು. ಒಂಬತ್ತು ದಿನ ಆ ಬೆಂಚಿನ ಮುಂದೆಯೇ ಓಡಾಡಿದ ನಾವು ಅವರ ಹೆಸರನ್ನೂ ಕೇಳಿರಲಿಲ್ಲ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಪೂವಪ್ಪನವರ ಕೈ ಪ್ಲಗ್ಗಿನ ಮೇಲೇ ನಿಂತಿತು. ಇಪ್ಪತ್ತೈದು ವರ್ಷ ಕೇಳಿದವರಿಗೆಲ್ಲ ಪುಸ್ತಕ ಕೊಟ್ಟ ತನಗೆ, ಕೇಳಲೂ ದಾರಿಯಿಲ್ಲದ ಓದುಗರೊಬ್ಬರು ಬಾಗಿಲಲ್ಲೇ ಕೂತಿರುವುದು ಕಾಣಲಿಲ್ಲವಲ್ಲ ಎಂದು ಅವರು ಆಮೇಲೆ ಹೇಳಿಕೊಂಡದ್ದುಂಟು. ಅವರು ಎದ್ದು ಹೋಗಿ, ಶಿವಕುಮಾರಿಯವರನ್ನು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

ಶಿವಕುಮಾರಿಯವರಿಗೆ ಹತ್ತನೆಯ ತರಗತಿಯ ಎಸ್ಸೆಸ್ಸಿ ಪರೀಕ್ಷೆ ಕಟ್ಟುವ ಆಸೆಯಿತ್ತು. ಪೂವಪ್ಪನವರು ದಿನಕ್ಕೊಂದು ಪಾಠವನ್ನು ಎರಡೇ ಬೆರಳಲ್ಲಿ ಟೈಪು ಮಾಡಿಟ್ಟರು. ಯಂತ್ರ ಓದಿತು, ಶಿವಕುಮಾರಿಯವರು ಕೇಳಿ ಕಲಿತರು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಕನ್ನಡದ ಪಾಠಗಳನ್ನು ಪೂವಪ್ಪನವರೇ ಊಟದ ಬಿಡುವಿನಲ್ಲಿ, ಡಬ್ಬಿ ಬಿಚ್ಚದೆ, ಓದಿ ಹೇಳಿದರು. ಆದರೆ ಹಳೆಯ ಕಂಪ್ಯೂಟರಿನ ಇಯರ್‌ಫೋನಿನ ಜಾಗ ಎಂದೋ ಕೆಟ್ಟಿತ್ತು. ದನಿ ಇಡೀ ಕೋಣೆಗೆ ಕೇಳುತ್ತಿತ್ತು. ತಿಂಗಳು ತುಂಬುವ ಮೊದಲೇ ಓದುಗರ ದೂರು ಕಾರ್ಯಕಾರಿ ಸಮಿತಿಯ ಮುಂದೆ ಬಂತು. ಆ ದನಿಯನ್ನು ಕಾಯಂ ಬಂದ್ ಮಾಡಿಸತಕ್ಕದ್ದೆಂಬ ಠರಾವೂ ಸಿದ್ಧವಾಯಿತು. ದೂರಿನಲ್ಲಿದ್ದ ಹನ್ನೊಂದು ಸಹಿಗಳಲ್ಲಿ ಒಂದು ಈ ಲೇಖಕನದು.

ಪರೀಕ್ಷೆಗೆ ಐದು ತಿಂಗಳಿತ್ತು. ಶಿವಕುಮಾರಿಯವರಿಗೆ ಬೇರೆ ಕಂಪ್ಯೂಟರ್ ಇರಲಿಲ್ಲ. ಪೂವಪ್ಪನವರು ಸಮಿತಿಯೊಡನೆ ವಾದಕ್ಕೆ ನಿಲ್ಲದೆ ಒಂದು ವಾರದ ಅವಕಾಶವನ್ನಷ್ಟೇ ಬೇಡಿದರು. ಆ ವಾರವೆಲ್ಲ ಪಾಠಗಳನ್ನು ಬದಿಗಿಟ್ಟು, ಶಿವಕುಮಾರಿಯವರ ಬೆರಳುಗಳನ್ನು ಆ ಮೂರು ಗುಂಡಿಗಳ ಮೇಲೆ ಇರಿಸಿ, ಒಂದನ್ನೇ ಕಲಿಸಿದರು.

‘ಶುರು ಮಾಡ್ಲಿಕ್ಕೂ ಇದೇ ಮೂರು, ನಿಲ್ಲಿಸ್ಲಿಕ್ಕೂ ಇದೇ ಮೂರು. ಆದ್ರೆ ನೀವು ಮೊದಲು ನಿಲ್ಲಿಸ್ಲಿಕ್ಕೆ ಕಲಿಯಿರಿ ತಂಗಿ. ಅದು ನಿಮ್ಮ ಕೈಯಲ್ಲಿದ್ರೆ, ಇಲ್ಲಿಂದ ಏಳಿ ಅನ್ಲಿಕ್ಕೆ ಯಾರಿಗೂ ನೆವ ಸಿಗುದಿಲ್ಲ.’

ಸಭೆಯ ದಿನ ದನಿ ಗಟ್ಟಿಯಾಗಿ ಓದುತ್ತಿರುವಾಗಲೇ ಗುರುಬಸವ ಅವರು ‘ಈಗ ಬಂದ್ ಆಗ್ಲಿ, ನೋಡೋಣ’ ಎಂದರು. ಪೂವಪ್ಪನವರು ಕೈ ಕಟ್ಟಿ ದೂರ ನಿಂತಿದ್ದರು. ಶಿವಕುಮಾರಿಯವರು ತಡವರಿಸದೆ ಗುಂಡಿಗಳನ್ನು ಒತ್ತಿದರು. ಯಂತ್ರ ತಾನು ಹೊರಟೆನೆಂದು ಹೇಳಿ ಸುಮ್ಮನಾಯಿತು.

‘ನಿಮಗ ಬ್ಯಾಡಾದಾಗ ನಾನೇ ಬಂದ್ ಮಾಡ್ತೀನ್ರಿ,’ ಎಂದರು ಅವರು. ‘ನನಗ ಬೇಕಾದಾಗ ಚಾಲೂ ಮಾಡಾಕ ಬಿಡ್ರಿ. ಅಷ್ಟಽ.’

ಗುರುಬಸವ ಅವರು ಠರಾವಿನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದು ಮತ್ತೆ ಹೊರಬರಲಿಲ್ಲ. ಹನ್ನೊಂದರಿಂದ ಒಂದರವರೆಗೆ ಆ ದನಿಯ ಹೊತ್ತೆಂದು ಬಾಗಿಲಿಗೆ ಚೀಟಿ ಅಂಟಿಸಿದವರೂ ಅವರೇ.

ಶಿವಕುಮಾರಿಯವರು ಎಸ್ಸೆಸ್ಸಿ ಮುಗಿಸಿದರು, ಪದವಿ ಪಡೆದರು, ಗ್ರಂಥಾಲಯ ತರಬೇತಿಯನ್ನೂ ಪೂರೈಸಿದರು. ಬರುವ ಒಂದನೆಯ ತಾರೀಖಿನಿಂದ ಪೂವಪ್ಪನವರ ಕುರ್ಚಿಯಲ್ಲಿ ಅವರೇ ಕೂರುತ್ತಾರೆ. ಹೊಸ ಕಂಪ್ಯೂಟರಿನ ದನಿಗೆ ಈಗ ಕನ್ನಡವೂ ಬರುತ್ತದೆ; ಈ ಲೇಖನದ ಕರಡನ್ನು ಅದರಿಂದಲೇ ಓದಿಸಿ, ಕೇಳಿ, ತಿದ್ದಿಕೊಟ್ಟವರು ಅವರು. ಪೂವಪ್ಪನವರು ಕತ್ತಲ ಬಾಳಿಗೆ ಬೆಳಕಾದರು ಎಂದು ಈ ಲೇಖಕ ಹೆಮ್ಮೆಯಿಂದ ಬರೆದಿದ್ದ ಸಾಲನ್ನು ಶಿವಕುಮಾರಿಯವರು ಹೊಡೆದುಹಾಕಿಸಿದರು.

‘ಬೆಳಕು ಗಿಳಕು ಕೊಟ್ಟಿಲ್ರಿ ಅವರು. ಬಂದ್ ಮಾಡೂದು ಕಲಿಸ್ಯಾರ. ಅದನ್ನ ಬರೀರಿ.’

ಹಾಗೆಯೇ ಬರೆದಿದೆ.

ಪೂವಪ್ಪನವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ನಿವೃತ್ತಿ ಅವರ ಕುರ್ಚಿಗಷ್ಟೇ ಆಗಲಿ, ಕೈಗಳಿಗೆ ಆಗದಿರಲಿ. ಎಂದಿನಂತೆ ಹತ್ತು ಗಂಟೆಗೆ ಬಂದು, ಒದ್ದೆ ಬಟ್ಟೆ ಹಿಂಡಿ ಮೇಜುಗಳನ್ನು ಒರೆಸಲಿ. ಯಾರು ಬೇಡವೆಂದರೂ ಕೀಬೋರ್ಡನ್ನೂ ಒರೆಸಲಿ. ಮತ್ತೊಮ್ಮೆ ಆ ಮೂರು ಗುಂಡಿಗಳು ಒತ್ತಿಹೋಗಿ ದನಿ ಎದ್ದರೆ, ನಮ್ಮಲ್ಲಿ ಯಾರೂ ಪ್ಲಗ್ಗಿನ ಕಡೆ ಬಗ್ಗುವುದಿಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಯಾರು ಕೂತಿದ್ದಾರೆಂದು ಮೊದಲು ನೋಡುತ್ತೇವೆ.