ಬಾಗಿಲಂಚಿನ ಬೆರಳುಗಳು

ಬಡಗಿಯ ಮನೆಯ ಬಾಗಿಲು ಎಂದೂ ನೆಟ್ಟಗಿರುವುದಿಲ್ಲ. ಊರವರ ಬಾಗಿಲುಗಳನ್ನೆಲ್ಲ ಸರಿಮಾಡಿಕೊಟ್ಟವನು ತನ್ನ ಮನೆಯದಕ್ಕೆ "ನಾಳೆ ನೋಡೋಣ" ಎನ್ನುತ್ತಲೇ ಕಣ್ಣು ಮುಚ್ಚಿದ. ಅವನ ಹೆಂಡತಿ, ಈಗ ತಲೆಯೆಲ್ಲ ಅರಳೆಯಾದ ಮುದುಕಿ, ಆ ಜೋತುಬಿದ್ದ ಬಾಗಿಲನ್ನು ಅಂಚಿನಲ್ಲಿ ಹಿಡಿದು, ಎತ್ತಿ, ಎಳೆದು, ಬೀಗ ಹಾಕಿ ಬೆಳಿಗ್ಗೆಯೇ ಹೊರಟಳು. ಹೊರಟದ್ದು ಗಂಡನ ಮುಖ ನೋಡಲಿಕ್ಕೆ.

ಮನೆಯಲ್ಲಿ ಅವನದೊಂದೂ ಫೋಟೊ ಇರಲಿಲ್ಲ. ಇದ್ದದ್ದು ಮದುವೆಯದೊಂದೇ. ಅದಕ್ಕೆ ಚೌಕಟ್ಟು ಮಾಡಿದವನೂ ಅವನೇ. ಹೊಸ ಹುರುಪು, ವಾರ್ನಿಶ್ ಒಣಗುವ ತನಕ ತಡೆಯಲಾರದೆ ಹಸಿಯಾಗಿದ್ದಾಗಲೇ ಗಾಜು ಕೂರಿಸಿ ಮೊಳೆ ಹೊಡೆದುಬಿಟ್ಟ. ಕೆಲವು ವರ್ಷ ಕಳೆದು ಬಿಚ್ಚಿದರೆ ಫೋಟೊ ಗಾಜಿಗೆ ಕಚ್ಚಿಕೊಂಡು, ಅವನಿದ್ದ ಕಡೆಯ ಅರ್ಧ ಸಿಪ್ಪೆಯಂತೆ ಸುಲಿದು ಬಂತು.

"ಊರವರ ಮುಖಕ್ಕೆಲ್ಲ ಚೌಕಟ್ಟು ಹಾಕ್ತೀರಿ, ನಿಮ್ಮ ಮುಖಾನೇ ಕಿತ್ಕೊಂಡ್ರಲ್ಲ!" ಎಂದು ಅವಳು ನಕ್ಕಿದ್ದಳು.

"ಅಸಲು ಇಲ್ಲೇ ಇದೆಯಲ್ಲೇ, ದಿನಾ ನೋಡ್ತೀಯ" ಎಂದಿದ್ದ ಅವನು. ಆಮೇಲೆ ಯಾರು ಕ್ಯಾಮೆರಾ ಎತ್ತಿದರೂ ಅವನು ಯಾವುದೋ ಕುರ್ಚಿಯ ಕಾಲು ಅಲ್ಲಾಡಿಸುತ್ತ ಬಗ್ಗಿರುತ್ತಿದ್ದ.

ಅವನು ಹೋದ ಹೊಸದರಲ್ಲಿ ಕಣ್ಣು ಮುಚ್ಚಿದರೆ ಸಾಕು, ಮುಖ ಎದುರಿಗೆ ಬರುತ್ತಿತ್ತು. ಈಚೆಗೆ ಹುಬ್ಬು ಬಂದರೆ ಬಾಯಿ ಬರುವುದಿಲ್ಲ, ಬಾಯಿ ಬಂದರೆ ಕಣ್ಣು ಬರುವುದಿಲ್ಲ. ಗಂಡನ ಮುಖ ಮರೆತುಹೋಗುತ್ತಿದೆ ಎಂದು ಯಾರ ಮುಂದೆ ಬಾಯಿಬಿಡುವುದು? ನೆಂಟರ ಮುಂದೆ ಹೇಳಿದರೆ ಅರಳು ಮರಳು ಎಂದಾರು.

ಹೀಗಿರುವಾಗ ಪಕ್ಕದ ಮನೆಯ ಟೀಚರಮ್ಮ ಒಂದು ದಿನ ಕಾಂಪೌಂಡಿನ ಆಚೆಯಿಂದ ಕೂಗಿದಳು: "ಅಜ್ಜೀ, ನಮ್ಮೂರ ಚಿತ್ರಗಾರರ ಹೆಸರಲ್ಲಿ ಮ್ಯೂಸಿಯಂ ಮಾಡಿದಾರಲ್ಲ, ಅಲ್ಲೊಂದು ಹೆಂಗಸಿನ ಚಿತ್ರ ಇದೆ. ನಿಮ್ಮ ಮೂಗು, ನಿಮ್ಮ ಗದ್ದ, ಅಚ್ಚು ಹೊಯ್ದ ಹಾಗಿದೆ!"

"ಪಕ್ಕದಲ್ಲಿ ಯಾರಿದಾರೆ?"

"ಪಕ್ಕದಲ್ಲಾ? ಅದನ್ನ ನೋಡ್ಲಿಲ್ವಲ್ಲ ಅಜ್ಜಿ."

ಮುದುಕಿಗೆ ಅದು ಯಾವ ಚಿತ್ರವೆಂದು ಹೊಳೆಯಿತು. ಎಷ್ಟೋ ವರ್ಷಗಳ ಹಿಂದೆ ಆ ಚಿತ್ರಗಾರ ಊರಲ್ಲೇ ಒಂದು ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದ. ಅಲ್ಲಿಯ ಬಾಗಿಲು ಸರಿಮಾಡಲು ಬಡಗಿ ಹೋಗಿದ್ದ; ಇವಳು ಊಟದ ಡಬ್ಬಿ ಒಯ್ದಿದ್ದಳು. "ಇಬ್ಬರೂ ಹೀಗೇ ಕೂತಿರಿ" ಎಂದು ಚಿತ್ರಗಾರ ಎರಡು ಸ್ಟೂಲು ಹಾಕಿದ. ಮೊದಲ ದಿನ ಪೆನ್ಸಿಲಿನಲ್ಲಿ ಇಬ್ಬರ ಮುಖವನ್ನೂ ಬರೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಣ್ಣ ತುಂಬಿದ ಮೇಲೆ ಮಾತ್ರ ಕಾಣಲಿಲ್ಲ. ಯಾರೋ ಕೊಂಡು ದೂರ ಸಾಗಿಸಿದ್ದರು.

ಮ್ಯೂಸಿಯಮ್ಮಿನಲ್ಲಿ ಜನವೇ ಇರಲಿಲ್ಲ. ನುಣ್ಣನೆಯ ನೆಲ, ಜಾರೀತೆಂದು ಗೋಡೆಗುಂಟ ನಡೆದಳು. ಸೇತುವೆಯ ಚಿತ್ರ, ಮೋಡದ ಚಿತ್ರ, ಮತ್ತೆ ಅದೇ ಸೇತುವೆಯ ಚಿತ್ರ. ಕೊನೆಯ ಕೋಣೆಯ ಚಿತ್ರದಲ್ಲಿ ತಾನೇ ಕೂತಿದ್ದಳು. ನೀಲಿ ಬಟ್ಟೆ, ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಎರಡೂ ಕೈ. ಪಕ್ಕದ ಸ್ಟೂಲು ಖಾಲಿ.

ಹತ್ತಿರ ಹೋದಳು. ಹಿಂದೆ ಸರಿದಳು. ಬೆಳಕಿನ ದೋಷವೇನೋ ಎಂದು ಓರೆಯಾಗಿ ನಿಂತು ನೋಡಿದಳು. ಸ್ಟೂಲು ಖಾಲಿಯೇ.

ಮೂಲೆಯಲ್ಲಿ ಕೂತಿದ್ದ ಕಾವಲಿನ ಹೆಂಗಸು ಎದ್ದು ಬಂದಳು. "ಸುಸ್ತಾಯ್ತಾ ಅಜ್ಜಿ? ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ."

"ಈ ಸ್ಟೂಲಿನ ಮೇಲೆ ಒಬ್ರು ಇದ್ರು ಕಣಮ್ಮ."

"ನಾನು ಕೆಲಸಕ್ಕೆ ಸೇರಿದಾಗಿಂದ ಖಾಲೀನೇ. ಅದಕ್ಕೇ ಕೆಳಗೆ 'ಏಕಾಂಗಿ' ಅಂತ ಬರ್ದಿದಾರೆ ನೋಡಿ."

ಮುದುಕಿ ಬೆಂಚಿನ ಮೇಲೆ ಕೂತಳು. ಈಗ ಎಲ್ಲ ನೆನಪಾಯಿತು. ಎರಡನೆಯ ದಿನವೇ ಅವನು ಎದ್ದುಬಿಟ್ಟಿದ್ದ. "ಕೈ ಸುಮ್ನಿದ್ರೆ ನಂಗೆ ಮೈಯೆಲ್ಲ ತುರಿಸುತ್ತೆ ಸಾರ್, ಇವಳನ್ನ ಬರೀರಿ, ಇವಳು ಕೂರ್ತಾಳೆ" ಎಂದು ಬಾಗಿಲಿನತ್ತ ನಡೆದಿದ್ದ. ಚಿತ್ರಗಾರ ಮೊದಲು ರೇಗಿ, ಆಮೇಲೆ ನಕ್ಕಿದ್ದ. ನಕ್ಕು, ಬಡಗಿಯ ಮುಖ ಅಳಿಸಿದ್ದ.

ಬಾಗಿಲು ನೆನಪಾದೊಡನೆ ಮತ್ತೆ ನೋಡಿದಳು; ಚಿತ್ರದಲ್ಲೂ ಒಂದು ಬಾಗಿಲಿತ್ತು. ಅವಳ ಬೆನ್ನ ಹಿಂದೆ, ನೆರಳಿನಲ್ಲಿ, ಅರ್ಧ ತೆರೆದದ್ದು. ಅದರ ಅಂಚಿನಲ್ಲಿ, ಹೊರಗಿನಿಂದ ಬಾಗಿಲನ್ನು ಎತ್ತಿ ಹಿಡಿದ ಯಾರದೋ ನಾಲ್ಕು ಬೆರಳು. ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಉಳಿ ತಾಗಿ ಸೀಳಿದ ಆ ಉಗುರಿಗೆ ಎಷ್ಟು ಸಲ ಎಣ್ಣೆ ಹಚ್ಚಿದ್ದಳು!

"ಸ್ಕೂಲ್ ಮಕ್ಕಳು ಬಂದ್ರೆ ಮೊದಲು ಅದನ್ನೇ ಕೇಳ್ತವೆ, ಯಾರ ಬೆರಳು ಅಂತ" ಎಂದಳು ಕಾವಲಿನವಳು. "ಕಳ್ಳನದು ಅಂದ್ಬಿಡ್ತೀನಿ."

"ಸರಿಯಾಗೇ ಹೇಳಿದೀಯ. ಕೂತ್ಕೊಳ್ಳಿ ಅಂದ್ರೆ ಕೆಲಸಕ್ಕೆ ಜಾರೋ ಕಳ್ಳ. ನಮ್ಮ ಯಜಮಾನ್ರು."

ಕಾವಲಿನವಳು ಬೆರಳುಗಳನ್ನು ನೋಡಿದಳು, ಮುದುಕಿಯ ಮೂಗನ್ನು ನೋಡಿದಳು. "ಅಯ್ಯೋ, ನೀವೇನಾ! ಹಾಗಾದ್ರೆ ಏಕಾಂಗಿ ಅಂತ ಬರ್ದಿರೋದು ತಪ್ಪಲ್ವಾ?"

"ತಪ್ಪಲ್ಲಮ್ಮ. ಚಿತ್ರಗಾರರು ಸ್ವಲ್ಪ ಅವಸರಪಟ್ಟು ಮುಂಚೇನೇ ಬರ್ದ್ರು ಅಷ್ಟೇ."

ಮುಚ್ಚುವ ಹೊತ್ತಿನವರೆಗೂ ಕೂತಿದ್ದಳು. ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಭುಜಕ್ಕೆ, ಕುತ್ತಿಗೆಗೆ ಮನಸ್ಸಿನಲ್ಲೇ ಹತ್ತಿದಳು. ಮುಖದ ಹತ್ತಿರ ಬಂದಾಗಲೆಲ್ಲ ಬಾಗಿಲು ಅಡ್ಡ ಬಂತು.

ಮನೆಗೆ ಬಂದಾಗ ಬೀದಿಯ ದೀಪ ಹೊತ್ತಿತ್ತು. ಬೀಗ ತೆಗೆದಳು. ಬಾಗಿಲು ಎಂದಿನಂತೆ ಹೊಸ್ತಿಲಿಗೆ ಕಚ್ಚಿಕೊಂಡಿತ್ತು. ಅಂಚಿಗೆ ನಾಲ್ಕು ಬೆರಳು ತೂರಿಸಿ, ಎತ್ತಿ ಹಿಡಿದು, ಹೊರಗೇ ಒಂದು ಗಳಿಗೆ ನಿಂತಳು. ಒಳಗೆ ಯಾರೂ ಕೂತಿರಲಿಲ್ಲ.